ಸಹಾಯ ಬೇಕು: ಟೈಟಾನಿಕ್ ನಾಟಕದ ಕೊನೆಯ ದೃಶ್ಯ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿ ಮಕ್ಕಳಿಂದ ಟೈಟಾನಿಕ್ ದುರಂತದ ಮೇಲೆ ಚಿಕ್ಕ ನಾಟಕ ಮಾಡಿಸುತ್ತಿದ್ದೇನೆ. ಚೀಟಿ ಎತ್ತಿಸಿ ಒಂದು, ಎರಡು, ಮೂರನೇ ದರ್ಜೆ ಟಿಕೆಟ್ ಹಂಚಿದೆ. 1912ರ ಆ ರಾತ್ರಿ ಹಡಗಿನಲ್ಲಿ ಸುಮಾರು 2,200 ಜನ, ದೋಣಿ ಬರೀ 20. ಮೊದಲ ದರ್ಜೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿದರು, ಮೂರನೆಯದರಲ್ಲಿ ಕಾಲು ಭಾಗದಷ್ಟು. ಇದನ್ನು ಹೇಳಿದಾಗ ಒಬ್ಬ ಹುಡುಗಿ ತನ್ನ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ನಾನು ಯಾರು ಅಂತ ಇದು ಹೇಳುತ್ತಾ ಮಿಸ್?" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಕೊನೆಯ ದೃಶ್ಯ, ದೋಣಿಯಲ್ಲಿ ಜಾಗ ಇದ್ದರೂ ನೀರಿನಲ್ಲಿದ್ದವರನ್ನು ಎತ್ತಿಕೊಳ್ಳಲು ವಾಪಸ್ ಹೋಗದವರದ್ದು. ಅವರನ್ನು ಸುಮ್ನೆ ಕೆಟ್ಟವರು ಅಂತ ತೋರಿಸಲು ಮನಸ್ಸಿಲ್ಲ. ಜವಾಬ್ದಾರಿ ಯಾರದು ಅಂತ ಮಕ್ಕಳೇ ವಾದ ಮಾಡಬೇಕು. ಹೇಗೆ ಕಟ್ಟಲಿ? ಇಂಥದ್ದು ಮಾಡಿಸಿದವರು ದಯವಿಟ್ಟು ಹೇಳಿ.