ಪದಚರ್ಚೆ: ಪ್ಲಗ್‌ಗೆ ‘ಎದುರು’ ಯಾವ ಕಡೆ? ಜೊತೆಗೆ ಪಿನ್, ಮೂತಿ, ಕಲಾಯಿ

ಎಲ್ರಿಗೂ ನಮಸ್ಕಾರ.

ಒಂದು ಪದದ ದೆಸೆಯಿಂದ ಒಂದು ಕೀಬೋರ್ಡ್ ಹಾಳಾಯ್ತು, ಅದಕ್ಕೇ ಬರೀತಿದೀನಿ, ತಮಾಷೆಗಲ್ಲ. ಗೆಳೆಯನೊಬ್ಬನ ಹತ್ರ ಹಳೇ ಎಟಿ (1984ರ ಐಬಿಎಂ ಕಂಪ್ಯೂಟರಿನ ಮಾದರಿ) ಕೀಬೋರ್ಡ್ ಇತ್ತು, ಐದು ಕಡ್ಡಿಯ ದಪ್ಪ ದುಂಡು ಪ್ಲಗ್ ಇರತ್ತಲ್ಲ ಅದು. ಆ ಪ್ಲಗ್ ಕತ್ತರಿಸಿ, ಆಮೇಲೆ ಬಂದ ಸಣ್ಣ ದುಂಡು ಪ್ಲಗ್ ಇದೆಯಲ್ಲ, ಪಿಎಸ್/2 ಅಂತ, ಅದನ್ನ ಹಾಕ್ಬೇಕಿತ್ತು. ನಾನು ಕೂತ್ಕೊಂಡು ಕನ್ನಡದಲ್ಲೇ ಒಂದು ಪುಟ ಬರೆದು ಕೊಟ್ಟೆ, ಯಾವ ವೈರು ಎಲ್ಲಿಗೆ ಅಂತ. ಅದರಲ್ಲಿ ‘ಪ್ಲಗ್‌ನ ಎದುರಿಂದ ನೋಡಿದಾಗ’ ಅಂತ ಒಂದು ಮಾತಿತ್ತು. ನನ್ನ ತಲೇಲಿ ಎದುರು ಅಂದ್ರೆ ಕಂಪ್ಯೂಟರ್‌ಗೆ ಸಿಕ್ಕಿಸೋ ಕಡೆ, ಕಡ್ಡಿಗಳು ಕಾಣೋ ಕಡೆ. ಅವನೋ ಪ್ಲಗ್ಗನ್ನ ಇಕ್ಕಳದಲ್ಲಿ ಕಚ್ಚಿಸಿ, ಬೆಸುಗೆ ಹಾಕೋ ಕಡೇನ ತನ್ನತ್ತ ತಿರುಗಿಸ್ಕೊಂಡು ಕೂತಿದ್ದ, ಅವನಿಗೆ ಅದೇ ಎದುರು. ಅವನ ಕಣ್ಣೆದುರಿಗೆ ಇದ್ದಿದ್ದು ಅದೇ ತಾನೆ, ತಪ್ಪು ಅನ್ನೋಕೂ ಆಗಲ್ಲ.

ಆಗಿದ್ದೇನು ಅಂದ್ರೆ, ಪಿಎಸ್/2 ಪ್ಲಗ್‌ನಲ್ಲಿ ಆರು ಕಡ್ಡಿ, 1-2, 3-4, 5-6 ಅಂತ ಮೂರು ಜೋಡಿ. ಹಿಂದಿಂದ ನೋಡಿದ್ರೆ ಕನ್ನಡೀಲಿ ಆದ ಹಾಗೆ ಪ್ರತಿ ಜೋಡಿಯೂ ಎಡಬಲ ಅದಲುಬದಲು. ಅದರಲ್ಲಿ 3 ಗ್ರೌಂಡ್, 4 ಐದು ವೋಲ್ಟ್. ಅಂದ್ರೆ ಕರೆಂಟೇ ಉಲ್ಟಾ. 1ಕ್ಕೆ ಹೋಗ್ಬೇಕಿದ್ದ ಡೇಟಾ ಖಾಲಿ ಇರೋ 2ಕ್ಕೆ ಹೋಯ್ತು, 5ಕ್ಕೆ ಹೋಗ್ಬೇಕಿದ್ದ ಕ್ಲಾಕ್ ಅದೂ ಖಾಲಿ ಇರೋ 6ಕ್ಕೆ ಹೋಯ್ತು. ಆನ್ ಮಾಡಿದ ತಕ್ಷಣ ಮೂರೂ ಲೈಟು ಒಂದ್ಸಲ ಮಿಂಚ್ಬೇಕು, ಮಿಂಚ್ಲಿಲ್ಲ, ಒಳಗಿಂದ ಸುಟ್ಟ ವಾಸನೆ ಬಂತು ಅಷ್ಟೆ. ಹಳೇ ಐದು ಕಡ್ಡಿಯದರಲ್ಲೂ ಇದೇ ಗತಿ ಕಣ್ರೀ. ಅಲ್ಲಿ ಕಮಾನಿನ ಥರ ಸಾಲಾಗಿ 1, 4, 2, 5, 3 ಅನ್ನೋ ವಿಚಿತ್ರ ಕ್ರಮದಲ್ಲಿ ಕಡ್ಡಿ ಇರತ್ವೆ, ನಡುವಿನ 2 ಡೇಟಾ, ಅದರ ಆಚೆ ಈಚೆ 4 ಗ್ರೌಂಡು, 5 ಐದು ವೋಲ್ಟು. ಹಿಂದುಮುಂದು ತಪ್ಪಿದ್ರೆ ಮತ್ತೆ ಅವೆರಡೇ ಅದಲುಬದಲು. ಬೇಕಂತ್ಲೇ ಹೀಗೆ ಮಾಡಿದ್ರೇನೋ ಅನ್ಸತ್ತೆ.

ಈಗ ನನ್ನ ಪ್ರಶ್ನೆ. ‘ಎದುರು’ ಅನ್ನೋದು ವಸ್ತುವಿನ ಒಂದು ಭಾಗಕ್ಕೆ ಹೆಸರೇ ಅಲ್ಲ ಅಂತ ಈಗ ಅನ್ನಿಸ್ತಿದೆ. ಎದುರುಮನೆ, ಎದುರಾಳಿ, ಎದುರುತ್ತರ, ಎಲ್ಲಾ ಕಡೆ ಅದು ಇಬ್ಬರ ನಡುವಿನ ಮಾತು, ನಾನು ಎಲ್ಲಿ ನಿಂತಿದೀನಿ ಅನ್ನೋದರ ಮೇಲೆ ಹೋಗತ್ತೆ. ನಮ್ಮನೆ ಎದುರುಮನೆಯವರಿಗೆ ಎದುರುಮನೆ ನಮ್ಮದೇ. ಆದರೆ ಮುಖ, ಬೆನ್ನು ಹಾಗಲ್ಲ, ಅವು ಮೈಗೆ ಅಂಟಿಕೊಂಡಿರೋವು, ನೀವು ಎಲ್ಲಿ ನಿಂತ್ರೂ ನನ್ನ ಬೆನ್ನು ನನ್ನ ಬೆನ್ನೇ. ಹಾಗಾಗಿ ‘ಪ್ಲಗ್‌ನ ಮುಖ’, ‘ಪ್ಲಗ್‌ನ ಬೆನ್ನು’ ಅಂದ್ರೆ ಗೊಂದಲ ಹೋಗತ್ತಾ? ‘ಮುಂಭಾಗ’ ಅಂತ ಹಾಕಿ ಅಂದ್ರು ಒಬ್ರು, ಅದು ನಂಗೆ ಸರಿಬರಲಿಲ್ಲ, ಅದನ್ನೂ ಅವನು ತನ್ನ ಮುಂದಿನ ಭಾಗ ಅಂತಲೇ ಓದ್ಕೋತಿದ್ದ.

ಪಿನ್ ಅನ್ನೋ ಪದದ್ದೂ ತಲೆನೋವೇ. ನಾವು ಮಾತಾಡುವಾಗ ‘ಸಣ್ಣ ಪಿನ್ ಚಾರ್ಜರ್ ಇದ್ಯಾ’ ಅಂತೀವಿ, ಅಲ್ಲಿ ಪಿನ್ ಅಂದ್ರೆ ಇಡೀ ಪ್ಲಗ್ಗು. ಅದೇ ರಿಪೇರಿ ಮಾಡೋರು ಹೇಳೋ ಪಿನ್ನು ಒಳಗಿನ ಒಂದೊಂದು ಕಡ್ಡಿ. ಹಾಗಾಗಿ ‘ಐದು ಪಿನ್ನಿನ ಪಿನ್’ ಅಂತ ಬರೆಯೋ ಪರಿಸ್ಥಿತಿ ಬಂತು. ನಾನು ಇಡೀದಕ್ಕೆ ಮೂತಿ, ಒಂದೊಂದಕ್ಕೆ ಕಡ್ಡಿ ಅಂತ ಇಟ್ಕೊಂಡೆ. ಮೂತಿ ಅಂದ್ರೆ ಬೈಗುಳದ ಥರ ಕೇಳತ್ತೆ ಅಂತ ಹೆಂಡತಿ ನಕ್ಕಳು, ಆದರೂ ‘ಮೂತಿ ಬದಲಾಯಿಸೋದು’ ಅಂದ್ರೆ ಏನು ಕೆಲಸ ಅಂತ ತಟ್ಟನೆ ಗೊತ್ತಾಗತ್ತೆ. ‘ಮರುತಂತೀಕರಣ’ ಅಂತ ಯಾರೂ ಸಲಹೆ ಕೊಡ್ಬೇಡಿ ದಯವಿಟ್ಟು.

ಇದಕ್ಕಿಂತ ದೊಡ್ಡ ಸಮಸ್ಯೆ ಅಡಾಪ್ಟರ್, ಕನ್ವರ್ಟರ್ ಅನ್ನೋವು. ಎರಡನ್ನೂ ಒಂದೇ ಅರ್ಥದಲ್ಲಿ ಬಳಸ್ತಾರೆ, ಕನ್ನಡ ಮಾಡುವಾಗ ಎರಡಕ್ಕೂ ಪರಿವರ್ತಕ ಅಂದ್ಬಿಡ್ತಾರೆ, ಆದರೆ ಕೆಲಸ ಬೇರೆ ಬೇರೆ. ಚರಿತ್ರೆ ನೋಡಿದ್ರೆ ಇದು ಚೆನ್ನಾಗಿ ಕಾಣತ್ತೆ. 1981ರ ಐಬಿಎಂ ಪಿಸಿಗೂ ಐದು ಕಡ್ಡಿ ಮೂತೀನೇ, 1984ರ ಎಟಿಗೂ ಅದೇ ಮೂತಿ, ಆದರೆ ಆಡೋ ಭಾಷೆ ಬದಲಾಯ್ತು. ಎ ಕೀ ಒತ್ತಿದ್ರೆ ಹಳೇದು 1ಇ ಅಂತ ಕಳಿಸತ್ತೆ, ಎಟಿಯದು 1ಸಿ ಅಂತ ಕಳಿಸತ್ತೆ, ಸಿಕ್ಕಿಸಿದ್ರೆ ಸರಿಯಾಗಿ ಕೂರತ್ತೆ, ಕೆಲಸ ಮಾತ್ರ ಮಾಡಲ್ಲ. (ಅದಕ್ಕೇ ಕೆಲವು ಕೀಬೋರ್ಡ್ ಹೊಟ್ಟೆ ಕೆಳಗೆ ಎಕ್ಸ್‌ಟಿ, ಎಟಿ ಅಂತ, ಅಂದ್ರೆ ಹಳೇ ಭಾಷೆ, ಹೊಸ ಭಾಷೆ ಅಂತ, ಒಂದು ಪುಟ್ಟ ಸ್ವಿಚ್ ಇರ್ತಿತ್ತು.) 1987ರಲ್ಲಿ ಪಿಎಸ್/2 ಬಂದಾಗ ಉಲ್ಟಾ, ಮೂತಿ ಬದಲಾಯ್ತು, ಭಾಷೆ ಅದೇ. ಆಮೇಲೆ 1996ರ ಯುಎಸ್‌ಬಿಯಲ್ಲಿ ಎರಡೂ ಬದಲು.

ನಮ್ಮ ಮಾತಲ್ಲಿ ಹೇಳೋದಾದ್ರೆ ಎಟಿಯಿಂದ ಪಿಎಸ್/2ಗೆ ಹೋಗೋದು ಲಿಪ್ಯಂತರ, ಅದೇ ಪದ ಬೇರೆ ಅಕ್ಷರದಲ್ಲಿ, ನಾಲ್ಕು ವೈರನ್ನ ಸರಿಯಾದ ಕಡ್ಡಿಗೆ ಬೆಸೆದ್ರೆ ಮುಗೀತು. ಯುಎಸ್‌ಬಿಗೆ ಹೋಗೋದು ಅನುವಾದ, ನಡುವೆ ಒಂದು ಪುಟ್ಟ ಚಿಪ್ ಕೂತು ಆ ಭಾಷೆ ಕೇಳಿಸ್ಕೊಂಡು ಈ ಭಾಷೇಲಿ ಹೇಳ್ಬೇಕು. ಹೀಗಾಗಿ ಮೊದಲನೇದನ್ನ ‘ಮೂತಿ ಬದಲಿ’, ಎರಡನೇದನ್ನ ‘ದುಭಾಷಿ’ ಅಂದ್ರೆ ಹೇಗೆ? ಚಿಪ್ಪೇ ಇಲ್ಲದ ಸಣ್ಣ ಯುಎಸ್‌ಬಿ ಅಡಾಪ್ಟರ್‌ಗಳಿವೆಯಲ್ಲ, ಅವು ಕೆಲಸ ಮಾಡೋದು ಕೀಬೋರ್ಡಿಗೇ ಎರಡೂ ಭಾಷೆ ಬರ್ತಿದ್ರೆ ಮಾತ್ರ. ಎಟಿ ಕೀಬೋರ್ಡಿಗೆ ಅದನ್ನ ಹಾಕಿ ‘ಕನ್ವರ್ಟರ್ ಸರಿಯಿಲ್ಲ’ ಅಂತ ಬೈಯೋರನ್ನ ನೋಡಿದೀನಿ, ತಪ್ಪು ಕನ್ವರ್ಟರ್‌ದಲ್ಲ, ಹೆಸರಿಂದು.

ಇನ್ನು ಕ್ಲಾಕ್ ವೈರಿಗೆ ಗಡಿಯಾರ ಅನ್ನೋಕೆ ಮನಸ್ಸು ಬರ್ತಿಲ್ಲ, ಅದು ಟೈಮ್ ಹೇಳಲ್ಲವಲ್ಲ. ಕೀಬೋರ್ಡು ತಾನೇ ಸೆಕೆಂಡಿಗೆ 10 ಸಾವಿರದಿಂದ 16 ಸಾವಿರ ಚಿಲ್ಲರೆ ಪೆಟ್ಟು ಹಾಕ್ತಾ, ಪೆಟ್ಟಿಗೊಂದು ಬಿಟ್ ಕಳಿಸತ್ತೆ, ಒಂದು ಸಲಕ್ಕೆ 11 ಬಿಟ್. ಇದು ತಾಳ ಅಲ್ದೆ ಮತ್ತೇನು? ‘ತಾಳದ ವೈರು’ ಅಂತ ಬರೆದಿದೀನಿ, ಅತಿ ಆಯ್ತು ಅನ್ಸಿದ್ರೆ ಹೇಳಿ, ತೆಗೀತೀನಿ. ಗ್ರೌಂಡನ್ನ ಮಾತ್ರ ಹಾಗೇ ಬಿಟ್ಟೆ. ‘ಅರ್ಥ್’ ಅಂತ ಬರೆದ್ರೆ ಪದಚರ್ಚೆಯವರು ಅರ್ಥ ಎಲ್ಲಿಗೆ ಜೋಡಿಸ್ಲಿ ಅಂತ ಕೇಳ್ತೀರ, ಅದೂ ಅಲ್ದೆ ಇಲ್ಲಿ ಗ್ರೌಂಡ್ ಅಂದ್ರೆ ಕರೆಂಟ್ ವಾಪಸ್ ಹೋಗೋ ದಾರಿ ಅಷ್ಟೆ, ನೆಲಕ್ಕೂ ಅದಕ್ಕೂ ಸಂಬಂಧ ಇಲ್ಲ.

ಒಂದೇ ಒಂದು ಪದ ಖುಷಿ ಕೊಟ್ಟಿದ್ದು ಕಲಾಯಿ. ವೈರ್ ಸುಲಿದ ಮೇಲೆ ತಾಮ್ರದ ಎಳೆಗಳನ್ನ ಹೊಸೆದು, ಬಿಸಿ ಮಾಡಿ, ಬೆಸುಗೆಗೆ ಮುಂಚೆ ಲೆಡ್ ಸವರ್ತಾರಲ್ಲ, ಅದಕ್ಕೆ ಏನನ್ನೋದು ಅಂತ ಎರಡು ದಿನ ಯೋಚ್ನೆ ಮಾಡಿದೆ. ಲೆಡ್ ಅಂತಾರೆ, ಆದರೆ ಮಾಮೂಲಿ ಅದರಲ್ಲಿ 60 ಪಾಲು ತವರ, 40 ಪಾಲು ಸೀಸ. ತಾಮ್ರಕ್ಕೆ ತವರ ಸವರೋದು ಅಂದ್ರೆ ಪಾತ್ರೆಗೆ ಕಲಾಯಿ ಹಾಕೋ ಕೆಲಸವೇ ಅಲ್ವಾ? ‘ಎಳೆಗೆ ಕಲಾಯಿ ಹಾಕಿ’ ಅಂತ ಬರೆದೆ, ಗೆಳೆಯ ಒಂದು ಪ್ರಶ್ನೆ ಕೇಳದೆ ಮಾಡಿದ. ಬೆಸುಗೆ ಅನ್ನೋದರ ಬಗ್ಗೆ ಒಂದು ಅನುಮಾನ ಉಳಿದಿದೆ, ವೆಲ್ಡಿಂಗಿಗೂ ಅದೇ, ಸಾಲ್ಡರಿಂಗಿಗೂ ಅದೇ, ಒಂದರಲ್ಲಿ ಕಬ್ಬಿಣವೇ ಕರಗತ್ತೆ, ಇನ್ನೊಂದರಲ್ಲಿ ವೈರು ಕರಗಲ್ಲ, ನಡುವಿನ ಲೋಹ ಮಾತ್ರ ಕರಗತ್ತೆ. ಬೇರೆ ಪದ ಯಾರಿಗಾದ್ರೂ ಗೊತ್ತಿದ್ರೆ ತಿಳಿಸಿ.

ಅವನ ಹತ್ರ ಅಂಥದ್ದೇ ಇನ್ನೊಂದು ಕೀಬೋರ್ಡ್ ಇದೆ, ಪುಣ್ಯ. ತಿದ್ದಿ ಬರೆದ ಸಾಲು ಹೀಗಿದೆ, ಎಡಬಲವನ್ನ ಪೂರ್ತಿ ಕೈಬಿಟ್ಟಿದೀನಿ:

‘ಹಳೇ ಮೂತಿಯ 1ನೇ ಕಡ್ಡಿಯ ವೈರು ಹೊಸದರ 5ಕ್ಕೆ, 2ರದ್ದು 1ಕ್ಕೆ, 4ರದ್ದು 3ಕ್ಕೆ, 5ರದ್ದು 4ಕ್ಕೆ. ವೈರಿನ ಬಣ್ಣ ನಂಬಬೇಡ. ಮೀಟರಿನ ಒಂದು ಮೊನೆಯನ್ನ ಹೊಸ ಮೂತಿಯ ಮುಖದಲ್ಲಿ ಬೇಕಾದ ಕಡ್ಡಿಗೆ ಇಟ್ಟು, ಇನ್ನೊಂದು ಮೊನೆಯನ್ನ ಬೆನ್ನಿನ ಕಾಲುಗಳಿಗೆ ಒಂದೊಂದಾಗಿ ತಾಕಿಸು, ಯಾವುದು ಬೀಪ್ ಅನ್ನತ್ತೋ ಅದಕ್ಕೆ ಬೆಸೆ.’

ಇದನ್ನ ಓದಿ ತಪ್ಪಾಗಿ ಬೆಸೆಯೋಕೆ ಇನ್ನೂ ದಾರಿ ಉಂಟಾ? ಭಾನುವಾರ ಅವನು ಸಾಲ್ಡರಿಂಗ್ ಐರನ್ನಿನ ಪ್ಲಗ್ ಸಿಕ್ಕಿಸೋ ಮುಂಚೆ ಹೇಳಿದ್ರೆ ಉಪಕಾರ.