ಲಂಡನ್ನಿನ ಹಳೇ ಪಬ್ಬು ನೋಡುವ ಆಸೆ: ಕುಡಿಯದವರು ಒಳಗೆ ಹೋಗಬಹುದಾ?

ಬದಿಯಡ್ಕದ ಟೀಚರ್

ಮಗಳು ಕ್ರಾಯ್ಡನ್‌ನಲ್ಲಿ ಇದ್ದಾಳೆ. ಮುಂದಿನ ತಿಂಗಳು ನಾನೂ ನಮ್ಮವರೂ ಮೂರು ವಾರಕ್ಕೆ ಹೊರಟಿದ್ದೇವೆ. ಅರಮನೆ, ಮ್ಯೂಸಿಯಂ ಎಲ್ಲ ಅವಳೇ ಪಟ್ಟಿ ಮಾಡಿದ್ದಾಳೆ. ಅದರಲ್ಲಿ ಒಂದು ಪಬ್ಬೂ ಉಂಟು, ಬ್ಲ್ಯಾಕ್ ಫ್ರೈಯರ್ ಅಂತ ಹೆಸರು. ಫೋಟೋ ಕಳಿಸಿದ್ದಳು. ಗೋಡೆ ತುಂಬ ತಾಮ್ರದ ಸನ್ಯಾಸಿಗಳು, ಒಬ್ಬೊಬ್ಬರೂ ಒಂದೊಂದು ಕೆಲಸದಲ್ಲಿ ಇದ್ದಾರೆ. ಅದನ್ನು ಕಣ್ಣಾರೆ ನೋಡಬೇಕು ಅಂತ ನನಗೆ ತುಂಬಾ ಆಸೆಯಾಗಿದೆ.

ನಮ್ಮವರು ಮಾತ್ರ ಬೇಡವೇ ಬೇಡ ಅನ್ನುತ್ತಿದ್ದಾರೆ. ಇಬ್ಬರೂ ಕುಡಿಯುವವರಲ್ಲ, ಸಸ್ಯಾಹಾರಿಗಳು. ಊರಲ್ಲಿ ಗಡಂಗಿನ ಎದುರು ಹೋಗುವಾಗ ರಸ್ತೆಯ ಆಚೆ ಬದಿಗೆ ದಾಟಿ ಅಭ್ಯಾಸ. ಸೀರೆ ಉಟ್ಟುಕೊಂಡು ಅಂಥ ಕಡೆ ಹೋದರೆ ಜನ ಎಂತ ಹೇಳಿಯಾರು ಅಂತ ಅವರಿಗೆ ಚಿಂತೆ. ಏನೂ ಕುಡಿಯದೆ ಸುಮ್ನೆ ನೋಡಿ ಬರಲು ಬಿಡುತ್ತಾರಾ? ಹೋಗಿ ಬಂದವರು ಇದ್ದರೆ ತಿಳಿಸಿ.

ಕುಂಬಳೆ ಕಡಲು

ಟೀಚರೇ, ಖಂಡಿತ ಹೋಗಿ. ನಾನು ಲಂಡನ್ನಿನಲ್ಲಿ ಕೆಲಸದಲ್ಲಿದ್ದಾಗ ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ, ನನ್ನ ಅಮ್ಮನನ್ನೂ ಸೇರಿಸಿ. ಅಮ್ಮ ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಒಂದು ಗಂಟೆ ಕೂತಿದ್ದರು, ಯಾರೂ ತಿರುಗಿ ನೋಡಲಿಲ್ಲ. ನಮ್ಮಲ್ಲಿ ಬಾರ್ ಅಂದರೆ ಕತ್ತಲೆ ಕೋಣೆ, ತಲೆ ತಗ್ಗಿಸಿ ಹೋಗಿ ಬರುವ ಜಾಗ. ಅಲ್ಲಿ ಹಾಗಲ್ಲ. ಪೇಪರ್ ಓದುವ ಅಜ್ಜ, ಊಟಕ್ಕೆ ಬಂದ ಆಫೀಸಿನವರು, ಚಹಾ ಕುಡಿಯುವವರು, ಎಲ್ಲರೂ ಇರುತ್ತಾರೆ.

ಈಗ ಆ ಕಟ್ಟಡದ ವಿಷಯ. ಆ ಜಾಗದಲ್ಲಿ ಹಿಂದೆ ಡೊಮಿನಿಕನ್ ಸನ್ಯಾಸಿಗಳ ಮಠ ಇತ್ತು. ಬಿಳಿ ನಿಲುವಂಗಿ ಮೇಲೆ ಕಪ್ಪು ಹೊದಿಕೆ ಹಾಕುತ್ತಿದ್ದ ಕಾರಣ ಜನ ಅವರನ್ನು ಕಪ್ಪು ಸನ್ಯಾಸಿಗಳು ಅಂತ ಕರೆದರು. ಬ್ಲ್ಯಾಕ್‌ಫ್ರೈಯರ್ಸ್ ಅನ್ನುವ ಆ ಪ್ರದೇಶದ ಹೆಸರೇ ಅದರಿಂದ ಬಂದದ್ದು. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸುವಾಗ 1538ರಲ್ಲಿ ಇದೂ ಹೋಯಿತು. ಪಬ್ಬಿನ ಕಟ್ಟಡ 1875ರ ಸುಮಾರಿನದು. ಜಾಗ ಮೂಲೆಯದ್ದು, ಹಾಗಾಗಿ ಕತ್ತರಿಸಿದ ಕಲ್ಲಂಗಡಿ ತುಂಡಿನ ಹಾಗೆ ಮುಂದೆ ಚೂಪು, ಹಿಂದೆ ಅಗಲ. ಒಳಗಿನ ಚಂದ ಮಾತ್ರ 1905ರಿಂದ ಈಚೆಗೆ ಮಾಡಿಸಿದ್ದು. ಫುಲ್ಲರ್ ಕ್ಲಾರ್ಕ್ ಅನ್ನುವ ವಾಸ್ತುಶಿಲ್ಪಿ, ಹೆನ್ರಿ ಪೂಲ್ ಅನ್ನುವ ಶಿಲ್ಪಿ ಸೇರಿ ಮಠದ ನೆನಪನ್ನೇ ಗೋಡೆಗೆ ತಂದರು. 1960ರ ದಶಕದಲ್ಲಿ ಇದನ್ನು ಕೆಡವಲು ಹೊರಟಿದ್ದರು. ಕವಿ ಜಾನ್ ಬೆಟ್ಜಮನ್ ಮೊದಲಾದವರು ಗಟ್ಟಿಯಾಗಿ ವಿರೋಧಿಸಿದ್ದರಿಂದ ಉಳಿಯಿತು. ಅವರು ಸುಮ್ಮನಿದ್ದಿದ್ದರೆ ಇವತ್ತು ಅಲ್ಲಿ ಗಾಜಿನ ಆಫೀಸೋ ರಸ್ತೆಯೋ ಇರುತ್ತಿತ್ತು, ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಾಗಿಲು ದಾಟುವ ಮೊದಲು ತಲೆ ಎತ್ತಿ, ಮೂಲೆಯ ಮೇಲೆ ದಪ್ಪ ಹೊಟ್ಟೆಯ ಸನ್ಯಾಸಿ ನಗುತ್ತಾ ನಿಂತಿದ್ದಾನೆ. ಒಳಗೆ ತಾಮ್ರದ ಉಬ್ಬುಚಿತ್ರಗಳಲ್ಲಿ ಒಂದರ ಹೆಸರು ‘ನಾಳೆ ಶುಕ್ರವಾರ’ ಅಂತ. ಸನ್ಯಾಸಿಗಳು ಮೀನು, ಹಾವುಮೀನು ಹಿಡಿಯುತ್ತಿದ್ದಾರೆ. ಶುಕ್ರವಾರ ಮಾಂಸ ಇಲ್ಲ, ಹಾಗಾಗಿ ಗುರುವಾರವೇ ಮೀನಿನ ತಯಾರಿ. ನಮ್ಮ ಬೇಳದ ಕಡೆಯ ಕ್ರಿಶ್ಚಿಯನ್ ಮನೆಗಳ ಪರಿಚಯ ಇದ್ದವರಿಗೆ ನೋಡಿದ ಕೂಡಲೇ ಅರ್ಥ ಆಗುತ್ತದೆ. ಹಿಂದುಗಡೆ ಕಮಾನಿನ ಚಾವಣಿಯ ಸಣ್ಣ ಕೋಣೆ ಉಂಟು, ಅಲ್ಲಿ ಗೋಡೆಗೆ ಗಾದೆಗಳನ್ನು ಕೆತ್ತಿದ್ದಾರೆ. ‘ಅವಸರವೇ ನಿಧಾನ’ ಅಂತ ಒಂದು, ‘ವಿವೇಕ ಅಪರೂಪ’ ಅಂತ ಇನ್ನೊಂದು. ಅಮ್ಮ ಒಂದೊಂದನ್ನೂ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡರು. ಆ ಕೋಣೆಯಲ್ಲಿ ರೈಲು ಹೋಗುವ ಸದ್ದು ಕೇಳುತ್ತದೆ, ಪಕ್ಕದಲ್ಲೇ ಹಳಿ.

ಈಸ್ಟ್ ಕ್ರಾಯ್ಡನ್‌ನಿಂದ ಬ್ಲ್ಯಾಕ್‌ಫ್ರೈಯರ್ಸ್‌ಗೆ ನೇರ ರೈಲು ಉಂಟು. ಸ್ಟೇಷನ್ನಿನ ಎದುರೇ ಪಬ್ಬು.

ಪೆರ್ಲದ ತೋಟ

ಒಂದೇ ಮಾತು, ಶುಕ್ರವಾರ ಸಂಜೆ ಮಾತ್ರ ಹೋಗಬೇಡಿ. ನಾನು ತಮ್ಮನ ಜೊತೆ ಬೇರೊಂದು ಹಳೇ ಪಬ್ಬಿಗೆ ಹಾಗೆ ಹೋಗಿ ಸೋತೆ. ಆಫೀಸು ಬಿಟ್ಟ ಜನ ಗ್ಲಾಸು ಹಿಡಿದು ಬೀದಿವರೆಗೆ ನಿಂತಿದ್ದರು, ಒಳಗೆ ಗೋಡೆಯೇ ಕಾಣಲಿಲ್ಲ. ಇನ್ನೊಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಹೋದಾಗ ಆರಾಮ. ಆದರೆ ಆವತ್ತು ಮೇಜಿನ ಹತ್ತಿರ ಯಾರಾದರೂ ಬರುತ್ತಾರೆ ಅಂತ ಅರ್ಧ ಗಂಟೆ ಕಾದೆವು. ಯಾರೂ ಬರುವುದಿಲ್ಲ! ನಾವೇ ಕೌಂಟರಿಗೆ ಹೋಗಿ ಹೇಳಬೇಕು, ಅಲ್ಲೇ ದುಡ್ಡು ಕೊಡಬೇಕು, ಗ್ಲಾಸು ನಾವೇ ತರಬೇಕು. ಕ್ಯೂ ಕಾಣುವುದಿಲ್ಲ, ಆದರೆ ಯಾರು ಮೊದಲು ಬಂದದ್ದು ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಸಸ್ಯಾಹಾರದ ವಿಷಯ: ಚಿಪ್ಸ್ ಅಂದರೆ ಅಲ್ಲಿ ದಪ್ಪ ಆಲೂಗಡ್ಡೆ ತುಂಡು. ಕೆಲವು ಕಡೆ ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ಕುಡಿಯಲು ಲೈಮ್ ಅಂಡ್ ಸೋಡಾ ಕೇಳಿ, ಎಲ್ಲ ಪಬ್ಬಿನಲ್ಲೂ ಸಿಗುತ್ತದೆ, ಅಗ್ಗ ಕೂಡ. ನಮ್ಮ ಲಿಂಬೆ ಸೋಡಾದ ಹಾಗೆ ಹಿಂಡಿ ಕೊಡುವುದಲ್ಲ, ಸಿಹಿ ಸಿರಪ್ಪಿಗೆ ಸೋಡಾ ಹಾಕುವುದು. ಇನ್ನೊಂದು, ಬೀರು ಕುಡಿಯುವ ಸಸ್ಯಾಹಾರಿಗಳಿಗೆ ಹೇಳುತ್ತೇನೆ: ಪೀಪಾಯಿಯ ಹಳೇ ಕ್ರಮದ ಬೀರನ್ನು ತಿಳಿ ಮಾಡಲು ಎಷ್ಟೋ ಕಡೆ ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಹಾಕುತ್ತಾರೆ. ನನಗಿದು ತಡವಾಗಿ ಗೊತ್ತಾಗಿ ಬೇಜಾರಾಯಿತು.

ಮಂಜೇಶ್ವರ ಓದುಗ

ಅಷ್ಟು ದೂರ ಹೋಗುವವರು ಇನ್ನು ಹತ್ತು ನಿಮಿಷ ನಡೆಯಿರಿ. ಬ್ಲ್ಯಾಕ್ ಫ್ರೈಯರ್‌ನಿಂದ ನ್ಯೂ ಬ್ರಿಜ್ ಸ್ಟ್ರೀಟ್ ಹಿಡಿದು ಉತ್ತರಕ್ಕೆ, ಲಡ್ಗೇಟ್ ಸರ್ಕಸ್‌ನಲ್ಲಿ ಎಡಕ್ಕೆ ತಿರುಗಿದರೆ ಫ್ಲೀಟ್ ಸ್ಟ್ರೀಟ್. ಬಲಬದಿಯಲ್ಲಿ ಒಂದು ಸಂದಿ, ಅದರೊಳಗೆ ಚೆಷೈರ್ ಚೀಸ್ ಪಬ್ಬಿನ ಬಾಗಿಲು. 1666ರ ದೊಡ್ಡ ಬೆಂಕಿಯಲ್ಲಿ ಸುಟ್ಟು 1667ರಲ್ಲಿ ಮತ್ತೆ ಕಟ್ಟಿದ್ದು. ಬಾಗಿಲ ಪಕ್ಕದ ಬೋರ್ಡಿನಲ್ಲಿ ಆಮೇಲೆ ಆಳಿದ ರಾಜ ರಾಣಿಯರ ಹೆಸರೆಲ್ಲ ಸಾಲಾಗಿ ಉಂಟು. ಪಾಲಿ ಅಂತ ಒಂದು ಬೂದು ಗಿಳಿ ಅಲ್ಲಿ ಎಷ್ಟೋ ವರ್ಷ ಇತ್ತು, 1926ರಲ್ಲಿ ಸತ್ತಾಗ ಪತ್ರಿಕೆಗಳಲ್ಲಿ ಸುದ್ದಿ ಬಂತು.

ಆದರೆ ನಾನು ಹೇಳಬೇಕೆಂದಿದ್ದು ಬೇರೆ. ಅದೇ ಸಂದಿಯಲ್ಲಿ ಮುಂದೆ ಹೋದರೆ ಗಫ್ ಸ್ಕ್ವೇರ್‌ನಲ್ಲಿ ಸ್ಯಾಮುಯೆಲ್ ಜಾನ್ಸನ್ ಅವರ ಮನೆ, 1755ರ ಇಂಗ್ಲಿಷ್ ನಿಘಂಟು ತಯಾರಾದ ಮನೆ, ಈಗ ಮ್ಯೂಸಿಯಂ. ಆ ಅಟ್ಟದ ಕೋಣೆಯಲ್ಲಿ ನಿಂತಾಗ ನನಗೆ ಕಿಟೆಲ್ ನೆನಪಾಗಿ ಕಣ್ಣು ತುಂಬಿತು. ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ನಮಗೆ ಇಷ್ಟು ಹತ್ತಿರದ ಮಂಗಳೂರಿನಲ್ಲಿ. ನೀವು ಟೀಚರ್, ನಿಮಗೆ ಆ ಮನೆ ಪಬ್ಬಿಗಿಂತ ಜಾಸ್ತಿ ಹಿಡಿಸಬಹುದು.

ಬದಿಯಡ್ಕದ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮವರಿಗೆ ಓದಿ ಹೇಳಿದೆ. ಬೆಟ್ಜಮನ್ ಉಳಿಸಿದ ಕಥೆ ಕೇಳಿ ಸ್ವಲ್ಪ ಮೆತ್ತಗಾದರು, ಜಾನ್ಸನ್ ಮನೆ ಅಂದಾಗ ಪೂರ್ತಿ ಒಪ್ಪಿದರು. ಅವರಿಗೆ ಮೊಣಕಾಲು ನೋವು. ಚೆಷೈರ್ ಚೀಸ್‌ನಲ್ಲಿ ಮೆಟ್ಟಿಲು ಜಾಸ್ತಿ ಉಂಟಾ?

ಮಂಜೇಶ್ವರ ಓದುಗ

ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಕಡಿದು, ಇಕ್ಕಟ್ಟು. ಅಣ್ಣನವರು ಇಳಿಯುವುದು ಬೇಡ. ಬಾಗಿಲ ಹತ್ತಿರದ ಕೋಣೆಯಲ್ಲೇ ಕೂರಲಿ. ಚಾವಣಿ ತಗ್ಗು, ತೊಲೆ ನೋಡಿಕೊಂಡು ಏಳಲು ಹೇಳಿ. ಜಾನ್ಸನ್ ಮನೆಯಲ್ಲೂ ಅಟ್ಟದವರೆಗೆ ಮೆಟ್ಟಿಲೇ, ಹಾಗಾಗಿ ಅದನ್ನು ಮೊದಲು ನೋಡಿ ಆಮೇಲೆ ಪಬ್ಬಿನಲ್ಲಿ ಕೂತು ದಣಿವಾರಿಸಿಕೊಳ್ಳಿ.