ಓಟದ ಆರಂಭದಲ್ಲಿ ಎದೆಪಟ್ಟಿ 190 ತೋರಿಸುವುದೇಕೆ?

ಪ್ರಶ್ನೆ: ನಿಧಾನಕ್ಕೆ ಓಡಿದರೂ ಎದೆಗೆ ಕಟ್ಟುವ ಹಾರ್ಟ್ ರೇಟ್ ಮಾನಿಟರ್ ಮೊದಲ 10 ನಿಮಿಷ 190 ದಾಟುತ್ತೆ, ಆಮೇಲೆ ತಾನಾಗಿಯೇ 145ಕ್ಕೆ ಇಳಿಯುತ್ತೆ. ಏದುಸಿರೇನೂ ಇಲ್ಲ, ಬ್ಯಾಟರಿ ಹೊಸದು. ತಪ್ಪೆಲ್ಲಿ?

ಉತ್ತರ 1: ಬೆವರು ಬಂದ ಮೇಲೆ ಸರಿಹೋಗುತ್ತೆ ಅಂದರೆ ಒಣ ಎಲೆಕ್ಟ್ರೋಡ್ (ಪಟ್ಟಿಯ ಒಳಗೆ ಚರ್ಮಕ್ಕೆ ತಾಗುವ ಪ್ಯಾಡ್) ಮೇಲೇ ಮೊದಲ ಅನುಮಾನ. ಒಣ ಚರ್ಮದಲ್ಲಿ ಹೃದಯದ ವಿದ್ಯುತ್ ಸಂಕೇತ ಸರಿಯಾಗಿ ದಾಟಲ್ಲ. ಸಿಂಥೆಟಿಕ್ ಅಂಗಿ ಪಟಪಟ ಬಡಿದು ಹುಟ್ಟುವ ಸ್ಥಿರವಿದ್ಯುತ್ತನ್ನೂ ಮಾನಿಟರ್ ಬಡಿತ ಅಂತಲೇ ಲೆಕ್ಕ ಹಾಕಬಹುದು. ಒಳಗಿನ ಎರಡೂ ಪ್ಯಾಡ್ ನೀರಲ್ಲಿ ಚೆನ್ನಾಗಿ ಒದ್ದೆ ಮಾಡಿ (ಇಸಿಜಿ ಜೆಲ್ ಇದ್ದರೆ ಇನ್ನೂ ಒಳ್ಳೇದು), ಎದೆಯ ಸ್ನಾಯುವಿನ ಕೆಳಗೆ ಜಾರದಷ್ಟು ಬಿಗಿಯಾಗಿ ಕಟ್ಟಿ. ಓಟ ಮುಗಿದ ಮೇಲೆ ಮಾಡ್ಯೂಲ್ (ಪಟ್ಟಿಗೆ ಸಿಕ್ಕಿಸುವ, ಸೆಲ್ ಇರುವ ಪುಟ್ಟ ಸಾಧನ) ಬಿಚ್ಚಿ ಪಟ್ಟಿ ತೊಳೀರಿ. ಒದ್ದೆ ಪಟ್ಟಿಗೇ ಸಿಕ್ಕಿಸಿಟ್ಟರೆ ಆನ್ ಆಗಿಯೇ ಇದ್ದು ಸೆಲ್ ಬೇಗ ಖಾಲಿ.

ಉತ್ತರ 2: ಹಾಗಂತ ವಾಚಿನ ಸೆನ್ಸರ್ ನೆಚ್ಚಿಕೊಳ್ಳಬೇಡಿ. ಅದು ಚರ್ಮದೊಳಕ್ಕೆ ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತೆ. ಕೈಬೀಸಿನ ಲಯ ಬೆರೆತರೆ ಬಡಿತ ಬಿಟ್ಟು ಹೆಜ್ಜೆ ಎಣಿಸುತ್ತೆ! ವೇಗ ಬದಲಾದರೂ ನಿಮಿಷದ ಹೆಜ್ಜೆಗಳಷ್ಟೇ, 170ರ ಆಸುಪಾಸಲ್ಲೇ ಅಂಟಿಕೊಂಡಿದ್ದರೆ ಅದೇ ಕಥೆ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಬಿಗಿಯಾಗಿ ಕಟ್ಟಿ.

ಉತ್ತರ 3: ಪಟ್ಟಿಯನ್ನು ದೂರುವ ಮೊದಲು, 190 ತೋರಿಸಿದಾಗಲೇ ನಿಂತು ನಾಡಿಯನ್ನು 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿ. ನಾಡಿಯೂ ಅಷ್ಟೇ ಓಡುತ್ತಿದ್ದರೆ ವೈದ್ಯರಿಗೆ ತೋರಿಸಿ, ಒದ್ದೆ ಮಾಡುತ್ತಾ ಕೂರಬೇಡಿ.